ಮೂವತ್ತಾರನೇ ನಂಬರಿನ ಬಾಗಿಲು

ನನ್ನ ಬಾಗಿಲು ಇಳಿದದ್ದು ಒಂದು ಮಂಗಳವಾರ ಬೆಳಿಗ್ಗೆ, ನಾನು ಬದನೆಕಾಯಿ ತರಲು ಮಾರ್ಕೆಟ್ಟಿಗೆ ಹೋಗಿದ್ದಾಗ. ವಾಪಸು ಬರುವಾಗ ಬೀದಿಯ ತಿರುವಿನಲ್ಲೇ ಏನೋ ಎಡವಟ್ಟಾಗಿದೆ ಅನ್ನಿಸಿತು. ಎದುರು ಸಿಕ್ಕವರೆಲ್ಲ ನನ್ನ ಮುಖ ನೋಡುವ ಬದಲು ಕೈಚೀಲ ನೋಡುತ್ತಿದ್ದರು. ಮನೆ ಮುಂದೆ ಬಂದು ನಿಂತೆ. ದಿನಾ ನನ್ನ ತಲೆಯ ಮೇಲೆ ಒಂದು ಗೇಣು ಜಾಗ ಬಿಡುತ್ತಿದ್ದ ಬಾಗಿಲು ಈಗ ನನ್ನ ಗಲ್ಲದ ಮಟ್ಟಕ್ಕೆ ಬಂದಿತ್ತು. ಅಡ್ಡಪಟ್ಟಿ ಅದೇ, ಅದರ ಮೇಲಿನ ಅರಿಸಿನ ಕುಂಕುಮ ಅದೇ, ನಾನೇ ಕಟ್ಟಿದ್ದ ಮಾವಿನ ಎಲೆಯೂ ಅದೇ. ಮೇಲಿನ ಗೋಡೆ ಮಾತ್ರ ಅಷ್ಟು ಉದ್ದವಾಗಿತ್ತು. ಒಂದು ಬಿರುಕಿಲ್ಲ, ಒಂದು ಚಿಟಿಕೆ ಸುಣ್ಣ ಉದುರಿಲ್ಲ.

ನಮ್ಮೂರಲ್ಲಿ ಇದು ಯಾರಿಗೂ ಹೊಸದಲ್ಲ. ಸಾಲದ ಕಂತು ತಪ್ಪಿ ಅದು ಬಾಗಿಲು ಕಚೇರಿಯ ಪುಸ್ತಕಕ್ಕೆ ಏರಿತೆಂದರೆ ಆ ಮನೆಯ ಬಾಗಿಲು ಇಳಿಯುತ್ತದೆ. ತೀರಿಸಿದರೆ ಮತ್ತೆ ಏರುತ್ತದೆ. ಹೆಣ್ಣು ನೋಡಲು ಬರುವವರು ಮೊದಲು ಬಾಗಿಲು ನೋಡುತ್ತಾರೆ. ಅಂಗಡಿಯವರು ಉದ್ರಿ ಕೊಡುವ ಮುಂಚೆ ಹುಡುಗನ್ನ ಕಳಿಸಿ ಬಾಗಿಲ ಎತ್ತರ ಕೇಳಿಕೊಂಡು ಬರಲು ಹೇಳುತ್ತಾರೆ. ತಗ್ಗು ಬಾಗಿಲಿನವರು ಅಡ್ಡಪಟ್ಟಿಗೆ ಹಳೆ ದಿಂಬು ಕಟ್ಟಿಕೊಳ್ಳುತ್ತಾರೆ, ಬಂದ ನೆಂಟರಿಗೆ ಹಣೆ ತಗಲಬಾರದೆಂದು. ನಮ್ಮಪ್ಪನ ಕಾಲದಲ್ಲಿ ನಮ್ಮ ಮನೆಯ ಬಾಗಿಲು ಒಂಬತ್ತು ವರ್ಷ ತಗ್ಗಾಗಿತ್ತು. ಸಾಲ ತೀರಿ ಬಾಗಿಲು ಏರಿದ ಮೇಲೂ ಅಪ್ಪ ತಲೆ ತಗ್ಗಿಸಿಯೇ ಒಳಗೆ ಬರುತ್ತಿದ್ದ. ಬಯಲಲ್ಲಿ ಮರದ ಕೊಂಬೆ ಮಾರುದ್ದ ಮೇಲಿದ್ದರೂ ಕುತ್ತಿಗೆ ಬಗ್ಗಿಸುತ್ತಿದ್ದ. ಅದನ್ನು ನೋಡಿಕೊಂಡು ಬೆಳೆದವಳು ನಾನು. ಗಂಡ ಸತ್ತ ಹದಿನೈದು ವರ್ಷದಲ್ಲಿ ಒಂದು ಸೇರು ರಾಗಿಯನ್ನೂ ಸಾಲ ತಂದವಳಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ.

ನನ್ನ ಹೆಸರು ಮಲ್ಲಾಜಮ್ಮ. ತಕ್ಕಡಿ ಬೀದಿಯ ಮೂವತ್ತಾರನೇ ನಂಬರಿನ ಮನೆಯಲ್ಲಿ ಖಾನಾವಳಿ ನಡೆಸುತ್ತೇನೆ. ಮಾರ್ಕೆಟ್ಟಿನ ಹಮಾಲರು, ಲಾರಿ ಡ್ರೈವರುಗಳು, ಕನ್ಯಾಶಾಲೆಯ ಹಾಸ್ಟೆಲಿನ ನಲವತ್ತು ಮಕ್ಕಳ ಮಧ್ಯಾಹ್ನದ ಊಟ, ಎಲ್ಲ ನನ್ನ ಒಲೆಯದೇ. ನನ್ನ ಎತ್ತರ ಐದು ಅಡಿ ಹತ್ತು ಅಂಗುಲ. ನನ್ನ ಜೊತೆ ಹನ್ನೊಂದು ವರ್ಷದಿಂದ ಅಡಿಗೆ ಮಾಡುವ ಜೈಬುನ್ನಿಸಾ ನನ್ನ ಎದೆಮಟ್ಟಕ್ಕೆ ಬರುತ್ತಾಳೆ. ಆವತ್ತು ಅವಳು ಆರಾಮಾಗಿ ಒಳಗಿನಿಂದ ನಡೆದು ಬಂದು ಹೊಸ್ತಿಲ ಮೇಲೆ ನಿಂತಳು. ಅವಳ ತಲೆಗೂ ಅಡ್ಡಪಟ್ಟಿಗೂ ನಡುವೆ ಇನ್ನೂ ನಾಲ್ಕು ಬೆರಳು ಜಾಗವಿತ್ತು.

"ಹಿಂದಿನ ಬಾಗಿಲೂ ಇಳಿದದೆ ಅಕ್ಕಾ, ನೋಡಿ ಬಂದೆ" ಅಂದಳು. "ಸ್ವಲ್ಪ ಬಗ್ಗಿ ಬಂದುಬಿಡಿ. ಅನ್ನಕ್ಕೆ ಇಡೋ ಹೊತ್ತಾಯ್ತು. ಆಮೇಲೆ ನೋಡೋಣ."

"ನಾನು ಯಾರ ಸಾಲವನ್ನೂ ತಂದಿಲ್ಲ ಜೈಬು."

"ನನಗೆ ಗೊತ್ತಿಲ್ವಾ."

"ಬಗ್ಗಿದರೆ ತಂದಿದೀನಿ ಅಂತ ಒಪ್ಪಿಕೊಂಡ ಹಾಗೆ. ಪಾತ್ರೆಗಳನ್ನ ಹೊರಗೆ ಕೊಡು."

ಅವಳು ನನ್ನ ಮುಖ ಒಂದು ಗಳಿಗೆ ನೋಡಿದಳು. ಆಮೇಲೆ ಒಳಗೆ ಹೋಗಿ ದೊಡ್ಡ ತಪ್ಪಲೆಯನ್ನು ಎಳೆದುಕೊಂಡು ಬಂದಳು. ಅಂಗಳದ ಹೊಂಗೆ ಮರದ ಕೆಳಗೆ ಮೂರು ಕಲ್ಲಿಟ್ಟು ಒಲೆ ಹೂಡಿದೆವು. ಹನ್ನೆರಡೂವರೆಗೆ ಹಮಾಲರು ಬಂದಾಗ ಅನ್ನ, ಬದನೆಕಾಯಿ ಹುಳಿ, ಹಪ್ಪಳ ಎಲ್ಲ ತಯಾರಿತ್ತು. ಅವರು ಬಾಗಿಲ ಕಡೆ ನೋಡದಂತೆ ಬಲು ಕಷ್ಟಪಟ್ಟು ಊಟ ಮಾಡಿದರು. ಯಾವಾಗಲೂ ಎರಡನೇ ಸಲ ಅನ್ನ ಕೇಳುವ ದುರುಗಣ್ಣ ಆವತ್ತು ಕೇಳಲಿಲ್ಲ. ನಾನೇ ಬಡಿಸಿದೆ.

ಪಕ್ಕದ ಮೂವತ್ತೈದನೇ ನಂಬರಿನ ಗವಿಯಪ್ಪ ಸಾಯಂಕಾಲ ಬಂದ. ಅವನದು ಗಡಿಯಾರ ರಿಪೇರಿ. ಕೈಗಡಿಯಾರ, ಗೋಡೆ ಗಡಿಯಾರ ಅಷ್ಟೇ ಅಲ್ಲ, ಎಲ್ಲೂ ಸಿಗದ ಹಲ್ಲುಚಕ್ರವನ್ನು ತನ್ನ ಸಣ್ಣ ಲೇತ್ ಮೆಷಿನ್ನಿನಲ್ಲಿ ಕಡೆದು ಕೂರಿಸುವಷ್ಟು ನುರಿತ ಕೈ. ಹೆಂಡತಿ ಪುಟ್ಟಗೌರಿ ತೀರಿಹೋಗಿ ಆರು ವರ್ಷವಾಗಿತ್ತು. ಅವತ್ತಿನಿಂದ ಮಾತು ಕಡಿಮೆ. ಮಧ್ಯಾಹ್ನದ ಊಟ ನನ್ನಲ್ಲೇ, ತಿಂಗಳ ಒಂದನೇ ತಾರೀಕು ಚುಕ್ತಾ.

"ಎಷ್ಟಂತೆ?" ಅಂದ.

"ಹೋಗಿ ಕೇಳಬೇಕು."

"ಇಷ್ಟು ಇಳಿದಿದೆ ಅಂದ್ರೆ ನಾಲ್ಕೈದು ಸಾವಿರ ಇರಬಹುದು. ನಿಮ್ಮ ಹತ್ರ ಇಲ್ಲದ ದುಡ್ಡಲ್ಲ. ಕಟ್ಟಿ ಬಾಗಿಲು ಏರಿಸಿಕೊಂಡು ಬಿಡಿ ಅಮ್ಮ. ಜನ ಎರಡು ದಿನಕ್ಕೆ ಮರೀತಾರೆ."

"ನಂದಲ್ಲದ್ದು ನಾನ್ಯಾಕೆ ಕಟ್ಟಲಿ?"

"ನಿಮ್ಮದಲ್ಲ ಅಂತ ಯಾರಿಗೆ ತೋರಿಸ್ತೀರಿ? ಆ ಕಚೇರಿಯವರ ಪುಸ್ತಕ ತಪ್ಪು ಅಂತ ಈ ಊರಲ್ಲಿ ಯಾರಾದರೂ ಹೇಳಿದ್ದು ಕೇಳಿದೀರಾ?" ಅಂದ. ಹಂಗಿಸಿ ಹೇಳಿದ್ದಲ್ಲ, ಕಳಕಳಿಯಿಂದಲೇ ಹೇಳಿದ್ದು. ಹೋಗುವಾಗ ತನ್ನ ಮನೆಯ ಹಗ್ಗದ ಮಂಚ ತಂದು ಮರದ ಕೆಳಗೆ ಹಾಕಿ ಹೋದ.

ಮಾರನೇ ದಿನ ಕಚೇರಿಗೆ ಹೋದೆ. ಆ ಕಟ್ಟಡದ ಬಾಗಿಲು ಆನೆ ಹೋಗುವಷ್ಟು ಎತ್ತರ. ಒಳಗೆ ಕುಮುದಿನಿ ಅನ್ನುವ ಗುಮಾಸ್ತೆ ಕೂತಿದ್ದಳು, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕೇಳಿದ್ದಕ್ಕೆ ಮಾತ್ರ ಉತ್ತರ, ಒಂದು ಅಕ್ಷರ ಹೆಚ್ಚಿಲ್ಲ. ಪುಸ್ತಕ ತಿರುಗಿಸಿ ತೋರಿಸಿದಳು. ನಮ್ಮೂರಲ್ಲಿ ಸಾಲ ಬರೆಯುವುದು ಬಾಗಿಲಿನ ಹೆಸರಿನಲ್ಲಿ, ಆಳಿನ ಹೆಸರಿನಲ್ಲಿ ಅಲ್ಲ. ಮನುಷ್ಯರು ಸಾಯಬಹುದು, ಊರು ಬಿಡಬಹುದು, ಬಾಗಿಲು ಎಲ್ಲಿಗೆ ಹೋದೀತು ಅನ್ನುವ ಲೆಕ್ಕ. ತಕ್ಕಡಿ ಬೀದಿ, ಮೂವತ್ತಾರು, ಬಾಕಿ ನಾಲ್ಕು ಸಾವಿರದ ಮುನ್ನೂರು. ಅಷ್ಟೇ ಇತ್ತು.

"ಯಾರು ಕೊಟ್ಟ ಸಾಲ ಇದು?"

"ಮಹಿಳಾ ನೆರವು ಸಂಘ. ಅದು ಮುಚ್ಚಿಹೋಗಿದೆ. ಮುಚ್ಚಿದ ಸಂಘಗಳ ಪುಸ್ತಕಗಳು ನಮ್ಮಲ್ಲಿಗೆ ಬಂದಿದ್ದವು. ನಕಲು ಮಾಡಿ ಮುಗಿಸೋಕೆ ಇಷ್ಟು ವರ್ಷ ಆಯ್ತು. ಮೊನ್ನೆ ಸೋಮವಾರ ಮುಗೀತು."

"ನಾನು ಆ ಸಂಘದ ಮೆಟ್ಟಿಲೇ ಹತ್ತಿಲ್ಲ."

"ಮೊದಲು ಕಟ್ಟಿ, ಆಮೇಲೆ ತಕರಾರು ಹೇಳಬಹುದು" ಅಂದಳು.

"ಕಟ್ಟಿದ ಮೇಲೆ ನನ್ನ ತಕರಾರು ಯಾರು ಕೇಳ್ತಾರೆ?"

ತಕರಾರಿಗೆ ಫಾರಂ ಕೊಡು ಅಂದೆ. ಅಂಥ ಫಾರಂ ಇಲ್ಲ, ಯಾರೂ ಕೇಳಿಲ್ಲ ಅಂದಳು. ಸರಿ, ಅಂಗಡಿಯಿಂದ ಗೆರೆ ಹಾಕಿದ ಹಾಳೆ ತಂದು, ಕಚೇರಿಯ ಬೆಂಚಿನ ಮೇಲೆಯೇ ಕೂತು ಬರೆದೆ. ನನ್ನ ಅಕ್ಷರ ಚೆನ್ನಾಗಿದೆ. ಅಡಿಗೆಮನೆಯ ನೆಲದ ಮೇಲೆ ಇದ್ದಿಲಲ್ಲಿ ತಿದ್ದಿ ಕಲಿತದ್ದು. ಹತ್ತನೇ ವಯಸ್ಸಿನಿಂದ ಇವತ್ತಿನವರೆಗೆ ನಾನು ಎಲ್ಲಿಯೂ ಹೆಬ್ಬೆಟ್ಟು ಒತ್ತಿದವಳಲ್ಲ. ಈ ಸಾಲ ನನ್ನದಲ್ಲ, ಯಾವ ಆಧಾರದ ಮೇಲೆ ನನ್ನ ಬಾಗಿಲಿಗೆ ಹಾಕಿದಿರಿ ತೋರಿಸಿ ಎಂದು ಬರೆದು, ದೊಡ್ಡದಾಗಿ ಸಹಿ ಹಾಕಿ, ನಕಲಿನ ಮೇಲೆ ಮೊಹರು ಒತ್ತಿಸಿಕೊಂಡೇ ಎದ್ದೆ.

ಅಷ್ಟರಲ್ಲಿ ಕನ್ಯಾಶಾಲೆಯ ಕಮಿಟಿಯವರಿಗೆ ಸುದ್ದಿ ಮುಟ್ಟಿತ್ತು. ಒಬ್ಬ ಮೇಸ್ತ್ರಿ ಅಳತೆ ಕೋಲು ಹಿಡಿದುಕೊಂಡು ಬಂದ. ಪಾಪ, ನನ್ನ ಕೈಯ ಊಟ ಉಂಡವನೇ. ಬಾಗಿಲಿಗೆ ಕೋಲು ಆನಿಸಿ, ಚೀಟಿಯಲ್ಲಿ ಬರೆದುಕೊಂಡು, ತಲೆ ಎತ್ತದೆ ಹೇಳಿದ, "ಐದೂವರೆ ಅಡಿಗಿಂತ ಕಡಿಮೆ ಇರೋ ಬಾಗಿಲಿನವರ ಹತ್ರ ಶಾಲೆ ವ್ಯವಹಾರ ಇಟ್ಟುಕೊಳ್ಳೋ ಹಾಗಿಲ್ಲವಂತೆ." ನಲವತ್ತು ಊಟ ಒಂದೇ ಏಟಿಗೆ ಹೋಯಿತು. ಲಾರಿಯವರಲ್ಲಿ ಅರ್ಧ ಜನ ಬಸ್ ಸ್ಟ್ಯಾಂಡಿನ ಹೋಟೆಲಿಗೆ ತಿರುಗಿಕೊಂಡರು. ಜೈಬುನ್ನಿಸಾ ಆ ವಾರ ಸಂಬಳ ಬೇಡ ಅಂದಳು. ಅವಳ ಕೈಗೆ ಬಲವಂತವಾಗಿ ತುರುಕಿದೆ. ಈ ಜಗಳ ನನ್ನದು, ಅದಕ್ಕೆ ಅವಳ ಸಂಬಳ ಯಾಕೆ ಹಿಡಿಯಲಿ?

ಹನ್ನೆರಡನೇ ದಿನ ಕಚೇರಿಯಿಂದ ಕಾಗದ ಬಂತು. ಒಂದೇ ಸಾಲು. ಪರಿಶೀಲಿಸಲಾಗಿದೆ, ದಾಖಲೆ ಸರಿಯಾಗಿದೆ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೋದೆ.

"ಯಾವುದರ ಜೊತೆ ಪರಿಶೀಲಿಸಿದ್ರಿ?" ಅಂತ ಕೇಳಿದೆ.

"ಪುಸ್ತಕದ ಜೊತೆ" ಅಂದಳು ಕುಮುದಿನಿ.

"ಪುಸ್ತಕ ತಪ್ಪು ಅಂತ ನಾನು ಬರೆದರೆ ನೀವು ಪುಸ್ತಕಾನೇ ಕೇಳಿ ಬಂದ್ರಾ?"

ಅವಳ ತುಟಿ ಒಂದು ಚೂರು ಅಲುಗಿತು. ನಗುವೋ ಏನೋ ತಿಳಿಯಲಿಲ್ಲ. "ನೀವು ಏನು ಕೇಳಬೇಕೋ ಅದನ್ನ ಕೇಳಿದರೆ ನಾನು ಉತ್ತರ ಕೊಡಬಹುದು" ಅಂದು ಕಣ್ಣನ್ನು ನನ್ನ ಬೆನ್ನ ಹಿಂದಿನ ಗೋಡೆಯ ಕಡೆ ಒಮ್ಮೆ ಹಾಯಿಸಿ ಮತ್ತೆ ಬರೆಯತೊಡಗಿದಳು. ತಿರುಗಿ ನೋಡಿದೆ. ಗೋಡೆಯ ಮೇಲೆ ಕಚೇರಿಯ ನಿಯಮಗಳ ಹಲಗೆ, ಅದರ ಮೇಲೆ ಬೆರಳುದಪ್ಪ ಧೂಳು. ಸೆರಗಿನ ತುದಿಯಿಂದ ಒರೆಸಿದೆ. ಹದಿನಾರನೇ ನಿಯಮ ಕೆಳಗಡೆ ಮೂಲೆಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿತ್ತು. ಬಾಗಿಲಿನವರು ಬರವಣಿಗೆಯಲ್ಲಿ ತಕರಾರು ಕೊಟ್ಟ ನಲವತ್ತೈದು ದಿನದೊಳಗೆ ಕಚೇರಿ ಸಾಲದ ಮೂಲಪತ್ರವನ್ನು ತೋರಿಸತಕ್ಕದ್ದು, ಪತ್ರ ಸಿಗದಿದ್ದರೆ ಅಥವಾ ಪತ್ರ ಆ ಬಾಗಿಲಿನವರದ್ದಲ್ಲದಿದ್ದರೆ ಬಾಗಿಲನ್ನು ಏರಿಸತಕ್ಕದ್ದು.

"ಮೂಲಪತ್ರ ತೋರಿಸಿ" ಅಂದೆ.

"ಹುಡುಕಬೇಕು" ಅಂದಳು. ಈ ಸಲ ಅವಳ ದನಿ ಬೇರೆಯೇ ಇತ್ತು.

ಅವತ್ತಿನಿಂದ ಎರಡು ದಿನಕ್ಕೊಮ್ಮೆ, ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ ಕಚೇರಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದೆ. ಅಂಗಳದಲ್ಲಿ ಟಾರ್ಪಾಲು ಕಟ್ಟಿಕೊಂಡಿದ್ದೆ. ಮಲಗುವುದು ಗವಿಯಪ್ಪನ ಮಂಚದ ಮೇಲೆ, ಸ್ನಾನ ಜೈಬುನ್ನಿಸಾಳ ಮನೆಯಲ್ಲಿ. ಎರಡು ಸಲ ಮಳೆ ಬಂದು ಒಲೆ ಆರಿತು. ಬೀದಿಯವರು ಮೊದಮೊದಲು ಇವಳಿಗೆ ಇಷ್ಟೊಂದು ಜಂಬ ಯಾಕೆ ಅಂದರು. ನನ್ನ ಕಿವಿಗೂ ಬಿತ್ತು. ಇದ್ದ ಜಂಬವನ್ನು ಇಲ್ಲ ಅನ್ನಲು ನನಗೆ ಬರುವುದಿಲ್ಲ, ಅದಕ್ಕೇ ಸುಮ್ಮನಿದ್ದೆ. ಇಪ್ಪತ್ತು ದಿನ ಕಳೆದ ಮೇಲೆ ಒಂದು ವಿಚಿತ್ರ ನಡೆಯಿತು. ಹಿಂದಿನ ಬೀದಿಯ ಒಬ್ಬ ಮುದುಕಿ ಕೋಲೂರಿಕೊಂಡು ಬಂದು, ತನ್ನ ಬಾಗಿಲು ಮೂರು ವರ್ಷದಿಂದ ತಗ್ಗಾಗಿದೆ, ಯಾಕೆ ಅಂತ ಈವರೆಗೂ ಗೊತ್ತಿಲ್ಲ, ಒಂದು ಕಾಗದ ಬರೆದುಕೊಡುತ್ತೀಯಾ ಎಂದಳು. ಬರೆದುಕೊಟ್ಟೆ. ಆಮೇಲೆ ಇನ್ನಿಬ್ಬರು ಬಂದರು. ಹಾಳೆಗೆ ದುಡ್ಡು ಕೊಡಲು ಬಂದರೆ ಊಟ ಮಾಡಿ ಹೋಗಿ ಅನ್ನುತ್ತಿದ್ದೆ.

ನಲವತ್ತೊಂದನೇ ದಿನ ಬೆಳಿಗ್ಗೆಯೇ ಹೋದೆ. ಕುಮುದಿನಿ ನನ್ನನ್ನು ನೋಡಿದವಳೇ ಎದ್ದು ನಿಂತಳು. ಅವಳ ರವಿಕೆಯ ತೋಳಿಗೆಲ್ಲ ಧೂಳು. ನನ್ನನ್ನು ರಿಜಿಸ್ಟ್ರಾರು ಚನ್ನಕೇಶವಯ್ಯನವರ ಕೋಣೆಗೆ ಕರೆದುಕೊಂಡು ಹೋದಳು. ಬೋಳುತಲೆಯ, ಮೆದು ಮಾತಿನ ಮನುಷ್ಯ. ಮೇಜಿನ ಮೇಲೆ ಹಳದಿ ತಿರುಗಿದ ಒಂದು ಕಾಗದ ಇತ್ತು.

"ಸಿಕ್ಕಿದೆ ನೋಡಮ್ಮ. ತಕ್ಕಡಿ ಬೀದಿ, ಬಾಗಿಲು ಮೂವತ್ತಾರು. ಯಂತ್ರದ ಬಾಬ್ತು ಒಂಬತ್ತು ಸಾವಿರ. ಹೆಬ್ಬೆಟ್ಟು ಇದೆ" ಅಂದರು.

ಕಾಗದವನ್ನು ನನ್ನ ಕಡೆ ಎಳೆದುಕೊಂಡೆ. ಮೊದಲು ಕಣ್ಣಿಗೆ ಬಿದ್ದದ್ದು ತಾರೀಕು, ಹನ್ನೊಂದು ವರ್ಷ ಹಿಂದಿನದು. ಆಮೇಲೆ ಆ ಹೆಬ್ಬೆಟ್ಟು. ನೀಲಿ ಶಾಯಿಯ ನಡುವೆ, ಎಡದಿಂದ ಬಲಕ್ಕೆ ಓರೆಯಾಗಿ, ಒಂದು ಬಿಳಿ ಗೆರೆ. ಗಾಯದ ಗುರುತು. ಆ ಗಾಯಕ್ಕೆ ಅರಿಸಿನ ಒತ್ತಿ ಬಟ್ಟೆ ಕಟ್ಟಿದವಳು ನಾನೇ. ಒಂದು ಮದುವೆ ಊಟದ ಕೆಲಸಕ್ಕೆ ಕೈಜೋಡಿಸಲು ಬಂದ ಪಕ್ಕದ ಮನೆಯ ಪುಟ್ಟಗೌರಿ ನನ್ನ ಈಳಿಗೆಮಣೆಯಲ್ಲಿ ಕುಂಬಳಕಾಯಿ ಹೆಚ್ಚುವಾಗ ಹೆಬ್ಬೆರಳನ್ನು ಅಡ್ಡಡ್ಡ ಸೀಳಿಕೊಂಡಿದ್ದಳು. ಮೂಳೆ ಕಾಣುವಷ್ಟು ಆಳ. ನಗುನಗುತ್ತಲೇ ಕೂತಿದ್ದಳು.

ತಾರೀಕಿನ ಅರ್ಥವೂ ಆಗ ಹೊಳೆಯಿತು. ಆರು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ನಮ್ಮ ಬೀದಿಯ ಮೊದಲನೇ ಮನೆ ಕೆಡವಿದ್ದರು. ಎಲ್ಲರ ನಂಬರೂ ಒಂದೊಂದು ಕಡಿಮೆಯಾಯಿತು. ಹನ್ನೊಂದು ವರ್ಷದ ಹಿಂದೆ ನನ್ನದು ಮೂವತ್ತೇಳು. ಮೂವತ್ತಾರು ಅಂದರೆ ಗವಿಯಪ್ಪನ ಮನೆ. ಅದನ್ನು ಹೇಳಿಬಿಟ್ಟಿದ್ದರೆ ಆ ಗಳಿಗೆಯಲ್ಲೇ ನನ್ನ ಬಾಗಿಲು ಏರುತ್ತಿತ್ತು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

"ಇದು ನನ್ನ ಹೆಬ್ಬೆಟ್ಟಲ್ಲ" ಅಂದೆ. "ಶಾಯಿ ಕೊಡಿ."

ಬಲಗೈ ಹೆಬ್ಬೆರಳನ್ನು ಶಾಯಿಯ ದಿಂಬಿಗೆ ಒತ್ತಿ, ಖಾಲಿ ಹಾಳೆಯ ಮೇಲೆ ಒತ್ತಿದೆ. ಬಾಳಿನಲ್ಲಿ ಮೊದಲ ಸಲ. ಅದರ ಕೆಳಗೆ ಸಹಿಯನ್ನೂ ಹಾಕಿದೆ. ಚನ್ನಕೇಶವಯ್ಯ ಭೂತಗನ್ನಡಿ ಹಿಡಿದು ಎರಡನ್ನೂ ಬಹಳ ಹೊತ್ತು ನೋಡಿದರು. ನನ್ನದರಲ್ಲಿ ಯಾವ ಗೆರೆಯೂ ಇರಲಿಲ್ಲ, ದುಂಡಗೆ ಇಡಿಯಾಗಿತ್ತು. ಮನೆಯಲ್ಲಿ ಬೇರೆ ಯಾರಾದರೂ ಇದ್ದರಾ ಅಂತ ಕೇಳಿದರು. ಹದಿನೈದು ವರ್ಷದಿಂದ ಒಬ್ಬಳೇ ಅಂದೆ.

"ಹಾಗಾದರೆ ಇದು ಯಾರದ್ದು?"

ನಾನು ಹೆಬ್ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಂಡೆ.

"ನಿಮಗೆ ಗೊತ್ತು ಅನ್ನಿಸ್ತದೆ ನನಗೆ. ಹೇಳಿಬಿಡಿ ಅಮ್ಮ. ಸಾಲ ಅಂದ ಮೇಲೆ ಯಾವುದಾದರೂ ಒಂದು ಬಾಗಿಲ ಮೇಲೆ ಕೂರಬೇಕು. ಒಂದು ಬಾಗಿಲಿಂದ ಸಾಲ ತೆಗೀಬೇಕಾದರೆ ಇನ್ನೊಂದರ ಮೇಲೆ ಹಾಕಬೇಕು."

"ನನ್ನ ಬಾಗಿಲಿಗೆ ಹಾಕುವಾಗ ನೀವು ಯಾರನ್ನೂ ಕೇಳಲಿಲ್ಲ ಸ್ವಾಮಿ. ತೆಗೆಯುವಾಗ ನನ್ನ ಕೈಯಲ್ಲಿ ಹುಡುಕಿಸಬೇಡಿ. ಹದಿನಾರನೇ ನಿಯಮದಲ್ಲಿ ಬಾಗಿಲಿನವರು ಬೇರೆಯವರ ಹೆಸರು ಹೇಳಬೇಕು ಅಂತ ಎಲ್ಲೂ ಬರೆದಿಲ್ಲ. ನಾನು ಓದಿದೀನಿ."

ಅವರು ಕುಮುದಿನಿಯ ಮುಖ ನೋಡಿದರು. ಅವಳು ಕಾಗದದ ಮೇಲಿನ ತಾರೀಕನ್ನೇ ನೋಡುತ್ತಾ ನಿಂತಿದ್ದಳು. ಅವಳಿಗೂ ಲೆಕ್ಕ ಸಿಕ್ಕಿರಬೇಕು. ಆದರೆ ಅವಳನ್ನು ಯಾರೂ ಏನೂ ಕೇಳಲಿಲ್ಲವಾದ್ದರಿಂದ ಅವಳು ಏನೂ ಹೇಳಲಿಲ್ಲ. ಚನ್ನಕೇಶವಯ್ಯ ಕೊನೆಗೆ ಪುಸ್ತಕ ತೆಗೆದು, ನನ್ನ ನಂಬರಿನ ಮುಂದೆ ಕೆಂಪು ಗೆರೆ ಎಳೆದು, ಆ ಪತ್ರವನ್ನು ವಾರಸುದಾರರಿಲ್ಲದವು ಎಂಬ ಕಟ್ಟಿಗೆ ಸೇರಿಸಿದರು.

"ಆಯ್ತಲ್ಲ. ಹೋಗಿ, ಇಷ್ಟು ಹೊತ್ತಿಗೆ ಏರಿರುತ್ತದೆ."

ನಾನು ಏಳಲಿಲ್ಲ. "ಬರವಣಿಗೆಯಲ್ಲಿ ಕೊಡಿ. ತಪ್ಪು ಕಚೇರಿಯದು ಅಂತ. ಒಂದು ಪ್ರತಿ ನನಗೆ, ಒಂದು ಕನ್ಯಾಶಾಲೆಗೆ."

"ಬಾಗಿಲೇ ಹೇಳುತ್ತಲ್ಲಮ್ಮ, ಕಾಗದ ಯಾಕೆ?"

"ಇಳಿದ ಬಾಗಿಲನ್ನ ನಲವತ್ತೊಂದು ದಿನ ಊರೆಲ್ಲ ನೋಡಿದೆ. ಇವತ್ತು ಏರಿದರೆ ನಾನು ಸಾಲ ತೀರಿಸಿದೆ ಅಂದುಕೊಳ್ತಾರೆ. ನಾನು ತೀರಿಸಿಲ್ಲ. ನನ್ನ ಮೇಲೆ ಇರಲೇ ಇಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ತಾವೇ ಬರೆದುಕೊಟ್ಟರು. ಕ್ಷಮಿಸಬೇಕು ಅನ್ನುವ ಪದವನ್ನು ನಾನು ಕೇಳಿರಲಿಲ್ಲ, ಅವರೇ ಸೇರಿಸಿದರು.

ಬೀದಿಗೆ ಬಂದಾಗ ಹಮಾಲರು ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಊಟದ ಹೊತ್ತು ಮೀರಿದ್ದರೂ ಯಾರೂ ಎಲೆ ಮುಂದೆ ಕೂತಿರಲಿಲ್ಲ. ಬಾಗಿಲು ತನ್ನ ಜಾಗಕ್ಕೆ ಹೋಗಿತ್ತು. ಜೈಬುನ್ನಿಸಾ ಹೊಸ್ತಿಲಿಗೆ ನೀರು ಹಾಕಿ ರಂಗೋಲಿ ಎಳೆಯಲು ಹೋಗಿ ಸೊಟ್ಟಪಟ್ಟ ಮಾಡಿಟ್ಟಿದ್ದಳು. ನಾನು ಸೆರಗು ಸರಿ ಮಾಡಿಕೊಂಡು, ಬೆನ್ನು ನೆಟ್ಟಗೆ ಇಟ್ಟುಕೊಂಡು, ನಿಧಾನಕ್ಕೆ ನಡೆದು ಒಳಗೆ ಹೋದೆ. ಅಡಿಗೆಮನೆಯಲ್ಲಿ ಯಾರಿಗೂ ಕಾಣದ ಹಾಗೆ ಒಂದು ಲೋಟ ನೀರು ಕುಡಿದು, ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತೆ. ಮುಂದಿನ ವಾರ ಕನ್ಯಾಶಾಲೆಯವರು ಮತ್ತೆ ಊಟ ಕೇಳಿಕೊಂಡು ಬಂದರು. ಒಪ್ಪಿಕೊಂಡೆ, ಎಲೆಗೆ ಎಂಟಾಣೆ ಹೆಚ್ಚಿಗೆ ಹೇಳಿ. ಮಾತಾಡದೆ ಕೊಟ್ಟರು.

ಇಲ್ಲಿಗೆ ನನ್ನ ತಕರಾರು ಮುಗಿಯಬೇಕಿತ್ತು. ಮುಗಿಯಲಿಲ್ಲ. ಗವಿಯಪ್ಪ ದಿನಾ ಬಂದು ಎದುರಿಗೆ ಕೂತು ಊಟ ಮಾಡುತ್ತಿದ್ದ. "ನೀವು ಗೆದ್ದಿರಿ ಅಮ್ಮ, ನಾನು ಹೇಳಿದ್ದು ತಪ್ಪಾಯ್ತು" ಅಂದ. ನಾನು ಅವನ ತಟ್ಟೆಗೆ ಸಾರು ಹಾಕಿದ್ದನ್ನೇ ಮರೆತು ಮತ್ತೆ ಮತ್ತೆ ಹಾಕುತ್ತಿದ್ದೆ. ಮೂರು ದಿನ ನೋಡಿ ಜೈಬುನ್ನಿಸಾ ಕೇಳಿದಳು. ಎಲ್ಲ ಹೇಳಿದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಿದಳು.

"ಹೇಳದೇ ಇದ್ದರೆ ಅವನ ಬಾಗಿಲು ಹಾಗೇ ಇರ್ತದೆ" ಅಂದೆ.

"ಇರ್ತದೆ. ಆದರೆ ಅವನ ಹೆಂಡ್ತಿ ವಿಷಯ ನಿಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅದು ಸರೀನಾ ಅಕ್ಕಾ?"

ಆ ಮಧ್ಯಾಹ್ನ ಅವನ ಅಂಗಡಿಗೆ ಹೋದೆ. ಮನೆಯ ಮುಂಭಾಗವೇ ಅಂಗಡಿ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೆಲಸದಲ್ಲಿದ್ದ. ಆ ಲೇತ್ ಮೆಷಿನ್ನು ಎಲ್ಲಿಂದ ಬಂತು ಗವಿಯಪ್ಪ ಅಂತ ಕೇಳಿದೆ. ಮಾವನವರು ಕೊಟ್ಟದ್ದು, ಪುಟ್ಟಗೌರಿ ತವರಿಗೆ ಹೋಗಿ ಎತ್ತಿನ ಗಾಡಿಯಲ್ಲಿ ಹಾಕಿಸಿಕೊಂಡು ಬಂದಳು, ಅವತ್ತಿನಿಂದಲೇ ನನ್ನ ದೆಸೆ ತಿರುಗಿದ್ದು ಅಂದ. ನಾನು ಕಾಗದದ ವಿಷಯ ಹೇಳಿದೆ. ಹೆಬ್ಬೆಟ್ಟಿನ ಗೆರೆಯ ವಿಷಯವನ್ನೂ ಹೇಳಿದೆ. ಒಂಬತ್ತು ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಅವಳೇ ತೀರಿಸಿದ್ದಳು. ಹಪ್ಪಳ ಸಂಡಿಗೆ ಮಾರಿದ ದುಡ್ಡೆಲ್ಲ ಎಲ್ಲಿಗೆ ಹೋಗುತ್ತಿತ್ತು ಎಂದು ಅವನು ಯಾವತ್ತೂ ಕೇಳಿರಲಿಲ್ಲವಂತೆ. ಅವಳು ಕಣ್ಣು ಮುಚ್ಚಿದ ಮೇಲೆ ಕಂತು ನಿಂತಿತ್ತು.

ಅವನು ಮಸೂರವನ್ನು ಕಣ್ಣಿನಿಂದ ತೆಗೆಯಲೇ ಇಲ್ಲ. "ಮಾವ ಒಂದು ಸಲ ಬಂದಾಗ ನಾನು ಕೈಮುಗಿದು, ನಿಮ್ಮ ಉಪಕಾರ ಮರೆಯೋದಿಲ್ಲ ಅಂದಿದ್ದೆ. ಅವರಿಗೆ ಏನೂ ಅರ್ಥ ಆಗಿರಲಿಲ್ಲ. ವಯಸ್ಸಾಯ್ತು, ಮರೆತಿದ್ದಾರೆ ಅಂದುಕೊಂಡೆ" ಅಂದ.

"ನಾನು ಕಚೇರಿಯಲ್ಲಿ ಯಾರಿಗೂ ಹೇಳಿಲ್ಲ. ಹೇಳೋದೂ ಇಲ್ಲ. ಅದು ನಿನಗೆ ಬಿಟ್ಟದ್ದು."

"ನೀವು ನಲವತ್ತೊಂದು ದಿನ ಹೊರಗಿದ್ರಿ. ನನ್ನ ಮಂಚದ ಮೇಲೆ" ಅಂದ. ಅಷ್ಟೇ.

ಮಾರನೇ ದಿನ ಅವನು ಮದುವೆಯ ಕರೀ ಕೋಟು ತೊಟ್ಟುಕೊಂಡು ಬಾಗಿಲು ಕಚೇರಿಗೆ ಹೋದ. ತನ್ನ ಬಾಗಿಲನ್ನು ಇಳಿಸಿ ಎಂದು ಕೇಳಿಕೊಂಡು ಬಂದವನನ್ನು ಆ ಕಚೇರಿ ಕಂಡದ್ದು ಅದೇ ಮೊದಲಂತೆ. ಕುಮುದಿನಿ ತನ್ನ ಕುರ್ಚಿ ಬಿಟ್ಟುಕೊಟ್ಟು ಟೀ ತರಿಸಿದಳಂತೆ. ಪತ್ರವನ್ನು ತೋರಿಸಿದಾಗ ಅವನು ಓದಲಿಲ್ಲ, ಆ ಹೆಬ್ಬೆಟ್ಟಿನ ಮೇಲೆ ತನ್ನ ಬೆರಳಿಟ್ಟುಕೊಂಡು ಕೂತಿದ್ದ ಎಂದು ಅವಳೇ ಆಮೇಲೆ ನನಗೆ ಹೇಳಿದಳು. ಪೂರಾ ತೀರಿಸಿದರೆ ಈ ಪತ್ರ ನನಗೆ ಕೊಡ್ತೀರಾ ಅಂತ ಒಂದೇ ಒಂದು ಪ್ರಶ್ನೆ ಕೇಳಿದನಂತೆ. ಕೊಡ್ತೀವಿ, ಅದು ನಿಯಮ ಅಂದಳಂತೆ. ಅವನು ಮನೆ ಮುಟ್ಟುವ ಮುಂಚೆಯೇ ಬಾಗಿಲು ಇಳಿದಿತ್ತು.

ನಾನು ದುಡ್ಡು ಕೊಡುತ್ತೇನೆ ಅಂದೆ. ಬೇಡ ಅಂದ. ಅರ್ಧವಾದರೂ ಅಂದೆ. "ಅವಳು ಕಂತು ಕಟ್ಟುತ್ತಾ ಇದ್ದ ಹಾಗೆ ನಾನೂ ಕಂತಲ್ಲಿ ಕಟ್ಟಬೇಕು ಅಮ್ಮ, ತಿಂಗಳು ತಿಂಗಳು ಹೋಗಿ" ಅಂದ. ಅವನ ಗಿರಾಕಿಗಳು ಸ್ವಲ್ಪ ಕಡಿಮೆಯಾದರು. ಬಂದವರು ಬಗ್ಗಿಕೊಂಡು ಗಡಿಯಾರ ಕೊಟ್ಟು ಬಗ್ಗಿಕೊಂಡು ಹೋಗುತ್ತಿದ್ದರು. ಅವನು ಅಡ್ಡಪಟ್ಟಿಗೆ ದಿಂಬು ಕಟ್ಟಲಿಲ್ಲ. ಕೆಲಸ ಹೆಚ್ಚಿದ್ದ ದಿನ ಊಟಕ್ಕೆ ಬರುತ್ತಿರಲಿಲ್ಲವಾದ್ದರಿಂದ ನಾನೇ ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದೆ. ಮೊದಲನೇ ದಿನ ನನ್ನನ್ನು ಕಂಡು ಅವನು ಗಡಬಡಿಸಿ ಎದ್ದ. "ಅಲ್ಲೇ ಇರಿ, ನೀವು ಬಗ್ಗೋದು ಬೇಡ, ನಾನೇ ಹೊರಗೆ ಬರ್ತೀನಿ" ಅಂದ. ಸುಮ್ಮನೆ ಕೂತುಕೋ, ಸಾರು ಆರುತ್ತೆ ಅಂದು ಸೊಂಟ ಬಗ್ಗಿಸಿ ಒಳಗೆ ಹೋದೆ. ನನ್ನ ಎತ್ತರಕ್ಕೆ ಬಹಳವೇ ಬಗ್ಗಬೇಕಾಯಿತು. ಏನೂ ಅನ್ನಿಸಲಿಲ್ಲ.

ಎಂಟು ತಿಂಗಳು ಹಿಡಿಯಿತು. ಕೊನೆಯ ಕಂತು ಕಟ್ಟಿದ ದಿನ ಅವನು ಕಚೇರಿಯಿಂದ ತನ್ನ ಮನೆಗೆ ಹೋಗಲಿಲ್ಲ, ಬಾಗಿಲು ಏರಿತೋ ಇಲ್ಲವೋ ನೋಡಲೂ ಇಲ್ಲ. ನೇರ ನನ್ನ ಖಾನಾವಳಿಗೆ ಬಂದ. ಊಟದ ಹೊತ್ತು, ಒಳಗೆ ಇಪ್ಪತ್ತು ಇಪ್ಪತ್ತೈದು ಜನ. ಅದೇ ಕರೀ ಕೋಟು. ಒಳಜೇಬಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಕಾಗದವನ್ನು ತೆಗೆದು ಎತ್ತಿ ಹಿಡಿದ. ನಮ್ಮೂರಲ್ಲಿ ಸಾಲದ ಪತ್ರವನ್ನು ತೀರಿಸಿದ ಕೂಡಲೇ ಒಲೆಗೆ ಹಾಕುತ್ತಾರೆ, ನೆಂಟರಿಷ್ಟರಿಗೆ ತೋರಿಸುವುದಿಲ್ಲ.

"ನೋಡಿ" ಅಂದ, ಯಾರನ್ನೂ ಹೆಸರಿಟ್ಟು ಕರೆಯದೆ. "ಇದು ನನ್ನ ಹೆಂಡತಿ ಕೈ. ಅವಳು ನನಗೆ ಮೆಷಿನ್ನು ತಂದುಕೊಟ್ಟ ಕಾಗದ."

ದುರುಗಣ್ಣ ಎಲೆಯ ಮುಂದಿನಿಂದ ಎದ್ದು ಬಚ್ಚಲಿಗೆ ಹೋದ. ಎರಡೂ ಕೈಗಳನ್ನು ತೊಳೆದುಕೊಂಡು, ಹೆಗಲ ಮೇಲಿನ ಟವೆಲ್ಲಿನಿಂದ ಬೆರಳುಗಳ ಸಂದಿಯನ್ನೂ ಬಿಡದೆ ಒರೆಸಿಕೊಂಡು ಬಂದು, ಕಾಗದವನ್ನು ಅಂಚಿನಲ್ಲಿ ಹಿಡಿದು ನೋಡಿದ. ಆಮೇಲೆ ಪಕ್ಕದವನಿಗೆ ಕೊಡಲು ಹೋದ. ಅವನು ತಡಿ ಅಂದು ತಾನೂ ಎದ್ದ. ಒಬ್ಬರ ಹಿಂದೆ ಒಬ್ಬರು ಎದ್ದು ಕೈ ತೊಳೆಯಲು ಸಾಲು ನಿಂತರು. ಮೂಟೆ ಹೊತ್ತು ಹೊತ್ತು ಗಟ್ಟಿಯಾದ ಆ ಕೈಗಳಿಗೆಲ್ಲ ಜೈಬುನ್ನಿಸಾ ಚೊಂಬಿನಲ್ಲಿ ನೀರು ಹಾಕುತ್ತಿದ್ದಳು. ಅನ್ನ ಆರುತ್ತಿತ್ತು. ನಾನೂ ನನ್ನ ಸರದಿಗಾಗಿ ಸಾಲಿನ ಕೊನೆಗೆ ಹೋಗಿ ನಿಂತೆ.